ಡಿಪ್ಲೀಟೆಡ್ ಯುರೇನಿಯಂ ಆಯುಧ, ಆರೋಗ್ಯ, ಕಾನೂನು: ಕೊಡಗಿನ ಸೈನಿಕ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಸೇನೆಯಲ್ಲಿದ್ದವರು, ವಿಶ್ವಸಂಸ್ಥೆಯ ಶಾಂತಿಪಡೆಗೆ ಹೋಗಿ ಬಂದವರು, ಕುವೈತ್, ಇರಾಕ್ ಕಡೆ ದುಡಿದು ಬಂದವರು ಊರೂರಲ್ಲೂ ಇದ್ದಾರೆ. ಮಾಜಿ ಸೈನಿಕರ ಸಭೆಗಳಲ್ಲಿ, ಪತ್ರಗಳಲ್ಲಿ ಈ ಕುಟುಂಬಗಳು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ. ಡಿಪ್ಲೀಟೆಡ್ ಯುರೇನಿಯಂ ಅನ್ನು ಮುಂದೆ ಚಿಕ್ಕದಾಗಿ ‘ಡಿಯು’ ಎಂದು ಬರೆದಿದೆ.

## ಮೊದಲು ತಿಳಿಯಬೇಕಾದದ್ದು

ಇದು ಅಣುಬಾಂಬಿಗೆ ಹಾಕೋ ಅದೇ ಯುರೇನಿಯಂ ಅಲ್ವಾ?

ಅಲ್ಲ. ಬಾಂಬಿಗೆ ಬೇಕಾದ ಭಾಗವನ್ನು ತೆಗೆದುಕೊಂಡ ಮೇಲೆ ಉಳಿಯುವುದು ಇದು. ಗಣಿಯಿಂದ ಬರುವ ಯುರೇನಿಯಂನಲ್ಲಿ ಶೇ. 99.27ರಷ್ಟು ಯುರೇನಿಯಂ-238, ಶೇ. 0.72ರಷ್ಟು ಯುರೇನಿಯಂ-235 ಇರುತ್ತದೆ. ಬಾಂಬಿಗೂ ಬಹುತೇಕ ರಿಯಾಕ್ಟರುಗಳಿಗೂ 235ರ ಪಾಲು ಹೆಚ್ಚಿರಬೇಕು. ಆ ಪಾಲನ್ನು ಒಂದು ಕಡೆ ಹೆಚ್ಚಿಸುತ್ತಾ ಹೋದಂತೆ ಇನ್ನೊಂದು ಕಡೆ 235 ಶೇ. 0.2ರ ಆಸುಪಾಸಿಗೆ ಇಳಿದ ರಾಶಿ ಉಳಿಯುತ್ತದೆ. ಅದೇ ಡಿಯು. ನೈಸರ್ಗಿಕ ಯುರೇನಿಯಂಗೆ ಹೋಲಿಸಿದರೆ ಇದರ ವಿಕಿರಣ ಸುಮಾರು ಶೇ. 40ರಷ್ಟು ಕಡಿಮೆ.

ಆದರೆ ರಸಾಯನಶಾಸ್ತ್ರದ ಲೆಕ್ಕದಲ್ಲಿ ಎರಡೂ ಒಂದೇ. ಮೂತ್ರಪಿಂಡಕ್ಕೆ ಅದೆಷ್ಟು ವಿಷವೋ ಇದೂ ಅಷ್ಟೇ. ‘ವಿಕಿರಣ ಕಡಿಮೆ, ಹಾಗಾಗಿ ಅಪಾಯ ಇಲ್ಲ’ ಎನ್ನುವವರು ಈ ಅರ್ಧವನ್ನು ಬಿಟ್ಟು ಮಾತಾಡುತ್ತಾರೆ.

ಗುಂಡಿಗೆ ಅದನ್ನೇ ಯಾಕೆ ಹಾಕ್ತಾರೆ? ಸೀಸ, ಉಕ್ಕು ಸಾಲಲ್ವಾ?

ಟ್ಯಾಂಕಿನ ಕವಚ ಸೀಳಲು ಸಾಲುವುದಿಲ್ಲ. ಡಿಯು ಸೀಸಕ್ಕಿಂತ ಸುಮಾರು 1.7 ಪಟ್ಟು ಸಾಂದ್ರ. ಒಂದು ಘನ ಸೆಂಟಿಮೀಟರಿಗೆ 19 ಗ್ರಾಂ ತೂಗುತ್ತದೆ. ಟಂಗ್‌ಸ್ಟನ್ ಕೂಡ ಅಷ್ಟೇ ಭಾರ, ಆದರೆ ಕವಚಕ್ಕೆ ಬಡಿದಾಗ ಅದರ ತುದಿ ಮೊಂಡಾಗಿ ಅಣಬೆಯಂತೆ ಹರಡುತ್ತದೆ. ಶೇ. 0.75 ಟೈಟಾನಿಯಂ ಬೆರೆಸಿದ ಡಿಯು ತುದಿಯಿಂದ ಚಕ್ಕೆ ಚಕ್ಕೆಯಾಗಿ ಕಳಚಿ ಮತ್ತೆ ಚೂಪಾಗುತ್ತದೆ. ಒಳಗೆ ನುಗ್ಗಿದ ಪುಡಿ ತಾನಾಗಿ ಹೊತ್ತಿಕೊಳ್ಳುತ್ತದೆ. ಜೊತೆಗೆ ಅಣು ಕಾರ್ಖಾನೆಗಳಲ್ಲಿ ರಾಶಿ ಬಿದ್ದ ವಸ್ತುವಾದ್ದರಿಂದ ಅಗ್ಗ.

ಅಮೆರಿಕದ ಎ-10 ಯುದ್ಧವಿಮಾನದ 30 ಮಿ.ಮೀ. ಗುಂಡಿನಲ್ಲಿ ಸುಮಾರು 300 ಗ್ರಾಂ ಡಿಯು ಇರುತ್ತದೆ. 120 ಮಿ.ಮೀ. ಟ್ಯಾಂಕ್ ಗುಂಡಿನಲ್ಲಿ 4ರಿಂದ 5 ಕೆ.ಜಿ. ಎರಡರಲ್ಲೂ ಡಿಯು ಇರುವುದು ಕವಚ ಸೀಳುವ ಗಟ್ಟಿ ಸರಳಿನ ರೂಪದಲ್ಲಿ. ಈ ಸರಳಿಗೆ ಸಿಡಿಮದ್ದು ಇಲ್ಲ, ವೇಗದಿಂದಲೇ ಕೆಲಸ. ಈ ಒಂದು ಅಂಶ ಕಾನೂನಿನಲ್ಲಿ ಎಷ್ಟು ದೊಡ್ಡ ತೂತು ಮಾಡಿದೆ ಎಂಬುದು ಮುಂದೆ ಬರುತ್ತದೆ.

ಕೈಲ್‌ಪೊಳ್ದಿಗೆ ಪೂಜೆ ಮಾಡೋ ನಮ್ಮ ಮನೆ ಕೋವಿ ತೋಟೆಯಲ್ಲೂ ಇರುತ್ತಾ?

ಇಲ್ಲ. ಅದರಲ್ಲಿರುವುದು ಸೀಸದ ಚರೆ. ಆದರೆ ಸೀಸವೂ ವಿಷವೇ: ಕೋವಿ ಒರೆಸಿದ ಬಟ್ಟೆಯನ್ನು ಅಡುಗೆ ಮನೆಗೆ ತರಬೇಡಿ, ಕೈ ತೊಳೆದೇ ಊಟಕ್ಕೆ ಕೂರಿ, ಮಕ್ಕಳ ಕೈಗೆ ಚರೆ ಕೊಡಬೇಡಿ.

ಸ್ಮಾರಕದ ಮುಂದೆ ಇಟ್ಟಿರೋ ಹಳೇ ಟ್ಯಾಂಕ್ ಮೇಲೆ ಮಕ್ಕಳು ಹತ್ತುತ್ತಾರೆ, ಪರವಾಗಿಲ್ವಾ?

1965, 1971ರ ಕಾಲದ ಟ್ಯಾಂಕುಗಳಲ್ಲಿ ಡಿಯು ಭಯ ಬೇಡ. ಅವುಗಳ ಕವಚ ಉಕ್ಕಿನದು. ಡಿಯು ಗುಂಡು ದೊಡ್ಡ ಪ್ರಮಾಣದಲ್ಲಿ ಬಳಕೆಯಾದದ್ದು 1991ರ ಕೊಲ್ಲಿ ಯುದ್ಧದಲ್ಲಿ. ಅಪಾಯವಿರುವುದು ಡಿಯು ಗುಂಡು ತಗುಲಿ ಸುಟ್ಟ ವಾಹನದ ಒಳಗೆ.

ಎಲ್ಲೆಲ್ಲಿ ಬಳಸಿದ್ದಾರೆ?

1991ರಲ್ಲಿ ಇರಾಕ್, ಕುವೈತ್: ಸುಮಾರು 300 ಟನ್. 1994–95ರಲ್ಲಿ ಬೋಸ್ನಿಯಾ: ಸುಮಾರು 3 ಟನ್. 1999ರಲ್ಲಿ ಕೊಸೊವೊ: 30,000ಕ್ಕೂ ಹೆಚ್ಚು ಗುಂಡು, ಸುಮಾರು 9ರಿಂದ 10 ಟನ್, ಜೊತೆಗೆ ಸರ್ಬಿಯಾ, ಮಾಂಟೆನೆಗ್ರೊಗಳ ಕೆಲವು ಜಾಗ. 2003ರಲ್ಲಿ ಮತ್ತೆ ಇರಾಕ್. 2015ರ ನವೆಂಬರಿನಲ್ಲಿ ಸಿರಿಯಾದಲ್ಲಿ 5,265 ಗುಂಡು ಹಾರಿಸಿದ್ದನ್ನು ಅಮೆರಿಕ 2017ರಲ್ಲಿ ಒಪ್ಪಿಕೊಂಡಿತು. 2023ರಲ್ಲಿ ಬ್ರಿಟನ್, ಅಮೆರಿಕ ಎರಡೂ ಉಕ್ರೇನಿಗೆ ಡಿಯು ಟ್ಯಾಂಕ್ ಗುಂಡು ಕೊಡುವುದಾಗಿ ಪ್ರಕಟಿಸಿದವು.

## ಆರೋಗ್ಯ, ನೀರು, ಪರೀಕ್ಷೆ

ಆ ಊರಿನಲ್ಲಿ ಡ್ಯೂಟಿ ಮಾಡಿದ್ರೆ ಸಾಕಾ, ಕ್ಯಾನ್ಸರ್ ಬರುತ್ತಾ?

ಊರಿನಲ್ಲಿದ್ದ ಮಾತ್ರಕ್ಕೆ ಬರುವ ಅಪಾಯ ತೀರಾ ಕಡಿಮೆ. ಮುಖ್ಯ ದಾರಿ ಉಸಿರು. ಗುಂಡು ಗಟ್ಟಿ ಕವಚಕ್ಕೆ ಬಡಿದಾಗ ಅದರ ಶೇ. 10ರಿಂದ 35ರಷ್ಟು ಸೂಕ್ಷ್ಮ ಧೂಳಾಗುತ್ತದೆ, ಅದರ ಬಹುಪಾಲು ಕಣಗಳು 5 ಮೈಕ್ರಾನಿಗಿಂತ ಚಿಕ್ಕವು. ಈ ಕಣ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಧೂಳಿನ ಹೆಚ್ಚಿನ ಪಾಲು ಬಡಿದ ಜಾಗದಿಂದ ನೂರು ಮೀಟರಿನೊಳಗೇ ಕೂರುತ್ತದೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ. ಗುಂಡು ತಗುಲಿದ ವಾಹನದೊಳಗೆ ಇದ್ದರೇ? ತಕ್ಷಣ ಒಳಗೆ ಹೋಗಿ ಗಾಯಾಳುಗಳನ್ನು ಎಳೆದರೇ? ಸುಟ್ಟ ಟ್ಯಾಂಕ್ ಬಿಚ್ಚುವ, ಗುಜರಿ ಸಾಗಿಸುವ ಕೆಲಸ ಮಾಡಿದರೇ? ಮೈಯಲ್ಲಿ ಚೂರು ಹೊಕ್ಕಿದೆಯೇ? ಒಂದಕ್ಕಾದರೂ ‘ಹೌದು’ ಎಂದರೆ ಪರೀಕ್ಷೆಗೆ ಅರ್ಥವಿದೆ. ದಾರಿಯಲ್ಲಿ ಜೀಪಿನಲ್ಲಿ ಹಾದು ಹೋದವರು ನಿದ್ದೆಗೆಡಬೇಕಿಲ್ಲ.

ಅಮೆರಿಕದ ಮಾಜಿ ಸೈನಿಕರ ಇಲಾಖೆ 1993ರಿಂದ ಬಾಲ್ಟಿಮೋರಿನಲ್ಲಿ, ತಮ್ಮದೇ ಪಡೆಯ ಡಿಯು ಗುಂಡು ತಗುಲಿ ಬದುಕುಳಿದವರ ಒಂದು ಸಣ್ಣ ಗುಂಪನ್ನು ಪರೀಕ್ಷಿಸುತ್ತಾ ಬಂದಿದೆ. ಮೈಯಲ್ಲಿ ಚೂರು ಉಳಿದವರ ಮೂತ್ರದಲ್ಲಿ ದಶಕಗಳ ನಂತರವೂ ಯುರೇನಿಯಂ ಹೆಚ್ಚೇ ಇದೆ. ಚಿಕಿತ್ಸೆ ಬೇಕಾಗುವಂಥ ಮೂತ್ರಪಿಂಡದ ಹಾನಿ ಕಂಡಿಲ್ಲ. ನೆಮ್ಮದಿಯ ಸುದ್ದಿಯೇ. ಆದರೆ ಇಷ್ಟು ಚಿಕ್ಕ ಗುಂಪಿನಿಂದ ಅಪರೂಪದ ಕ್ಯಾನ್ಸರ್ ಬರುವುದೇ ಇಲ್ಲ ಎಂದು ಹೇಳಲು ಬರುವುದಿಲ್ಲ.

ಇರಾಕಿನ ಬಸ್ರಾ, ಫಲ್ಲೂಜಾದಲ್ಲಿ ಮಕ್ಕಳು ಊನವಾಗಿ ಹುಟ್ಟಿದ್ದು ಇದರಿಂದಲೇ ಅಲ್ವಾ?

ಅಲ್ಲಿನ ವೈದ್ಯರು ಕಂಡದ್ದನ್ನು ತಳ್ಳಿಹಾಕುವ ಹಾಗಿಲ್ಲ. ಡಿಯು ಒಂದೇ ಕಾರಣ ಎಂಬುದು ಸಾಬೀತಾಗಿಲ್ಲ ಎನ್ನುವುದೂ ನಿಜ. ಸಾಬೀತು ಮಾಡಲು ಎರಡು ದಾಖಲೆ ಬೇಕು: ಗುಂಡು ಯಾವ ಜಾಗದಲ್ಲಿ ಬಿತ್ತು, ಯುದ್ಧಕ್ಕೆ ಮುಂಚೆ ಅಲ್ಲಿ ಎಷ್ಟು ಮಕ್ಕಳು ಹಾಗೆ ಹುಟ್ಟುತ್ತಿದ್ದರು. ಮೊದಲನೆಯದನ್ನು ಗುಂಡು ಹಾರಿಸಿದವರು ಪೂರ್ತಿ ಕೊಡಲಿಲ್ಲ, ಎರಡನೆಯದು ಸರಿಯಾಗಿ ಇರಲೇ ಇಲ್ಲ. ಮೇಲಿಂದ ಸೀಸ, ಪಾದರಸ, ಸುಟ್ಟ ತೈಲದ ಹೊಗೆ ಎಲ್ಲವೂ ಅದೇ ಜನರ ಮೇಲೆ ಬಿದ್ದಿವೆ. ಪುರಾವೆ ಸಿಗದ ಹಾಗೆ ಮಾಡಿ ಆಮೇಲೆ ಪುರಾವೆ ಎಲ್ಲಿ ಎಂದು ಕೇಳುವುದು ಅನ್ಯಾಯ. ಈ ಇಡೀ ವಿಷಯದಲ್ಲಿ ಕಾನೂನು ಮೊದಲು ಸರಿಪಡಿಸಬೇಕಾದದ್ದು ಇದನ್ನೇ.

ಚಿಕ್ಕಪ್ಪ ಕುವೈತಿಂದ ಒಂದು ಲೋಹದ ತುಂಡು ತಂದು ಶೋಕೇಸಲ್ಲಿ ಇಟ್ಟಿದ್ದಾರೆ. ಅದೇನಾದ್ರೂ ಇರಬಹುದಾ?

30 ಮಿ.ಮೀ. ಗುಂಡಿನ ಡಿಯು ಸರಳು ಸುಮಾರು 95 ಮಿ.ಮೀ. ಉದ್ದ, ಬುಡದಲ್ಲಿ 16 ಮಿ.ಮೀ. ದಪ್ಪ; ತುದಿ ಚೂಪು. ಕಿರುಬೆರಳಿನಷ್ಟಿದ್ದರೂ ಕೈಗೆತ್ತಿಕೊಂಡರೆ ಅಚ್ಚರಿಯಾಗುವಷ್ಟು ಭಾರ. ಹಳತಾದಾಗ ಮೈ ಕಪ್ಪಾಗಿ, ಗುಳಿ ಬಿದ್ದು, ಅಲ್ಲಲ್ಲಿ ಹಳದಿ ಪುಡಿ ಏಳುತ್ತದೆ. ಆ ಹಳದಿ ಪುಡಿಯೇ ಅಪಾಯಕಾರಿ: ಬೆರಳಿಗೆ ಅಂಟುತ್ತದೆ, ಬಾಯಿಗೆ ಹೋಗುತ್ತದೆ.

ಇಂಥದ್ದು ಕಂಡರೆ ಉಜ್ಜಬೇಡಿ, ಅರ ಹಾಕಬೇಡಿ, ಬೆಂಕಿಗೆ ಹಾಕಬೇಡಿ. ಗ್ಲೌಸ್ ಹಾಕಿ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮುಚ್ಚಳದ ಡಬ್ಬದಲ್ಲಿಟ್ಟು, ಜನ ಓಡಾಡದ ಕೋಣೆಯಲ್ಲಿಡಿ. ಗ್ಲೌಸನ್ನೂ ಅದೇ ಡಬ್ಬಕ್ಕೆ ಹಾಕಿ, ಕೈ ಸೋಪಿನಲ್ಲಿ ತೊಳೆಯಿರಿ. ಶೋಕೇಸಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪೊರಕೆ ಬೇಡ. ಆಮೇಲೆ ಪೊಲೀಸರಿಗೆ ತಿಳಿಸಿ, ಅಣುಶಕ್ತಿ ನಿಯಂತ್ರಣ ಮಂಡಳಿಗೆ ವಿಷಯ ಹೋಗಬೇಕೆಂದು ಬರವಣಿಗೆಯಲ್ಲಿ ಕೇಳಿ. ಸಿಡಿಯದ ಗುಂಡೂ ಆಗಿರಬಹುದು ಎಂಬ ಅನುಮಾನವಿದ್ದರೆ ಮುಟ್ಟಲೇಬೇಡಿ, ಮನೆಯವರನ್ನು ಹೊರಗೆ ಕಳಿಸಿ 112ಕ್ಕೆ ಕರೆ ಮಾಡಿ.

ಬರೀ ಸರಳನ್ನು ಒಮ್ಮೆ ಹಿಡಿದದ್ದಕ್ಕೆ ಗಾಬರಿ ಬೇಡ. ಚರ್ಮಕ್ಕೆ ತಾಗಿಸಿ ಹಿಡಿದರೆ ಗಂಟೆಗೆ ಸುಮಾರು 2 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ) ಬೀಟಾ ವಿಕಿರಣ. ಸಾರ್ವಜನಿಕರ ಚರ್ಮಕ್ಕೆ ವರ್ಷದ ಮಿತಿ 50. ಅಂದರೆ 25 ಗಂಟೆ ಅಂಟಿಸಿಕೊಂಡಿದ್ದರೆ ಮಿತಿ ಮುಗಿಯುತ್ತದೆ. ಮಾಲೆಗೆ ಪೋಣಿಸಿ ಕೊರಳಿಗೆ ಹಾಕಿಕೊಂಡವರಿಗೆ ಇದು ಸಣ್ಣ ಮಾತಲ್ಲ.

ನಮ್ಮ ಬೋರ್‌ವೆಲ್ ನೀರಲ್ಲಿ ಯುರೇನಿಯಂ ಬಂದಿದೆ ಅಂತ ರಿಪೋರ್ಟ್. ಸೇನೆಯವರದ್ದೇನಾದ್ರೂ ಬಿತ್ತಾ?

ಇಲ್ಲ. ಗ್ರಾನೈಟ್, ನೈಸ್ ಬಂಡೆಗಳಲ್ಲಿ ಯುರೇನಿಯಂ ಹುಟ್ಟಿನಿಂದಲೇ ಇರುತ್ತದೆ, ಆಳದ ನೀರು ಅದನ್ನು ಕರಗಿಸಿ ತರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ಕಾಣುವುದೂ ಇದೇ ನೈಸರ್ಗಿಕ ಯುರೇನಿಯಂ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 30 ಮೈಕ್ರೋಗ್ರಾಂ. ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿ 60. ಮನೆಗೆ 30ನ್ನೇ ಹಿಡಿದುಕೊಳ್ಳಿ.

ಮಾದರಿ ತೆಗೆಯುವುದು ಬೇಸಿಗೆಯಲ್ಲಿ, ಏಪ್ರಿಲ್ ಹೊತ್ತಿಗೆ. ಜುಲೈ ಮಳೆಯಲ್ಲಿ ತೆಗೆದರೆ ಅಂಕಿ ತಗ್ಗಿ ಬರಬಹುದು. ಪಂಪ್ ಹತ್ತು ನಿಮಿಷ ಓಡಿಸಿ, ಟ್ಯಾಂಕಿಗೆ ಹೋಗುವ ಮೊದಲೇ, ಲ್ಯಾಬಿನವರೇ ಕೊಟ್ಟ ಬಾಟಲಿಗೆ ತುಂಬಿ. ಅದರೊಳಗಿನ ಕೆಲವು ಹನಿ ನೈಟ್ರಿಕ್ ಆಮ್ಲವನ್ನು ಕೊಳೆ ಎಂದು ತೊಳೆದು ಚೆಲ್ಲಬೇಡಿ, ಅದು ಲೋಹ ಬಾಟಲಿಯ ಗೋಡೆಗೆ ಅಂಟದಂತೆ ತಡೆಯುತ್ತದೆ. ಕುದಿಸಿದರೆ ಯುರೇನಿಯಂ ಹೋಗುವುದಿಲ್ಲ. ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಆರ್‌ಒ ಯಂತ್ರ ಬಹುಪಾಲು ತೆಗೆಯುತ್ತದೆ.

ಮೂತ್ರ ಪರೀಕ್ಷೆ ಮಾಡಿಸಿದ್ರೆ ಗೊತ್ತಾಗುತ್ತಾ? ಹೇಗೆ ಕೊಡಬೇಕು?

ಸರಿಯಾದ ಪರೀಕ್ಷೆಯಾದರೆ ಗೊತ್ತಾಗುತ್ತದೆ. ಊಟ, ನೀರಿನಿಂದ ಎಲ್ಲರ ಮೂತ್ರದಲ್ಲೂ ಚೂರು ಯುರೇನಿಯಂ ಇದ್ದೇ ಇರುತ್ತದೆ. ಹಾಗಾಗಿ ಒಟ್ಟು ಯುರೇನಿಯಂ ಎಷ್ಟು ಎಂಬ ಅಂಕಿಯೊಂದರಿಂದ ಏನೂ ತೀರ್ಮಾನವಾಗುವುದಿಲ್ಲ. 238 ಮತ್ತು 235ರ ಅನುಪಾತ ಬೇಕು. ನೈಸರ್ಗಿಕವಾದರೆ ಸುಮಾರು 138ಕ್ಕೆ 1. ಬರೀ ಡಿಯು ಆದರೆ 500ಕ್ಕೆ 1ರ ಆಸುಪಾಸು. ನಡುವೆ ಬಂದರೆ ಎರಡೂ ಬೆರೆತಿವೆ. ಇದಕ್ಕೆ ಐಸಿಪಿ-ಎಂಎಸ್ ಎಂಬ ಯಂತ್ರ ಬೇಕು. ಫ್ಲೋರಿಮೀಟರ್ ಒಟ್ಟು ಪ್ರಮಾಣ ಮಾತ್ರ ಹೇಳುತ್ತದೆ. ಹಣ ಕಟ್ಟುವ ಮೊದಲೇ ‘ಐಸೋಟೋಪ್ ಅನುಪಾತ ಕೊಡುತ್ತೀರಾ’ ಎಂದು ಕೇಳಿ.

ಸಂಗ್ರಹ 24 ಗಂಟೆಯದು. ಬೆಳಿಗ್ಗೆ ಎದ್ದ ಮೊದಲ ಮೂತ್ರ ಬಿಟ್ಟುಬಿಡಿ, ಗಂಟೆ ಬರೆದಿಡಿ. ಅಲ್ಲಿಂದ ಮರುದಿನ ಅದೇ ಗಂಟೆಯ ಮೊದಲ ಮೂತ್ರದ ತನಕ ಎಲ್ಲವೂ ಲ್ಯಾಬಿನ ಪ್ಲಾಸ್ಟಿಕ್ ಕ್ಯಾನಿಗೇ. ಗಾಜಿನ ಬಾಟಲಿ ಬೇಡ, ಗಾಜಿನಿಂದಲೂ ಯುರೇನಿಯಂ ಇಳಿಯಬಹುದು. ಒಮ್ಮೆ ತಪ್ಪಿದರೂ ಮತ್ತೆ ಮೊದಲಿಂದ ಶುರು. ಕ್ಯಾನ್ ತಣ್ಣಗಿರಲಿ. ಕ್ರಿಯಾಟಿನಿನ್ ಕೂಡ ಅಳೆಯಿಸಿ, ಇಲ್ಲವಾದರೆ ಹೆಚ್ಚು ನೀರು ಕುಡಿದವರ ಅಂಕಿ ಸುಳ್ಳಾಗಿ ತಗ್ಗುತ್ತದೆ. ಮನೆಯ ಬೋರ್‌ವೆಲ್ ನೀರಿನ ಮಾದರಿಯನ್ನೂ ಜೊತೆಗೇ ಕೊಡಿ, ಒಟ್ಟು ಅಂಕಿ ಹೆಚ್ಚು ಬಂದರೆ ಅದು ನೀರಿನದೋ ಅಲ್ಲವೋ ಗೊತ್ತಾಗಲಿ.

ಒಂದು ಮಿತಿ ಇದೆ. ರಕ್ತಕ್ಕೆ ಸೇರಿದ ಯುರೇನಿಯಂನ ಹೆಚ್ಚಿನ ಪಾಲು ಕೆಲವೇ ದಿನಗಳಲ್ಲಿ ಹೊರಗೆ ಹೋಗುತ್ತದೆ. ಶ್ವಾಸಕೋಶದಲ್ಲಿ ಕೂತ ಕರಗದ ಕಣ, ಮೈಯೊಳಗಿನ ಚೂರು ಮಾತ್ರ ವರ್ಷಗಟ್ಟಲೆ ಸುಳಿವು ಕೊಡುತ್ತವೆ. ಮೂವತ್ತು ವರ್ಷದ ಮೇಲೆ ‘ಇಲ್ಲ’ ಎಂದು ಬಂದರೆ ಈಗ ಮೈಯಲ್ಲಿ ಇಲ್ಲ ಎಂದಷ್ಟೇ ಅರ್ಥ.

## ಕಾನೂನು

ಇದನ್ನು ಪ್ರಪಂಚದಲ್ಲಿ ಬ್ಯಾನ್ ಮಾಡಿಲ್ವಾ?

ಇಲ್ಲ. ಡಿಯು ಆಯುಧವನ್ನು ಹೆಸರಿಸಿ ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ ಒಂದೂ ಇಲ್ಲ. ಇದರಿಂದ ಅಣುಸ್ಫೋಟ ಆಗದ ಕಾರಣ 2017ರ ಅಣ್ವಸ್ತ್ರ ನಿಷೇಧ ಒಪ್ಪಂದ ಇದಕ್ಕೆ ತಾಗುವುದಿಲ್ಲ. ಕೆಲವು ಸಾಂಪ್ರದಾಯಿಕ ಆಯುಧಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ, ಯುದ್ಧದಲ್ಲಿ ಉಳಿದ ಸ್ಫೋಟಕಗಳನ್ನು ತೆರವು ಮಾಡುವ 2003ರ ಐದನೇ ಪ್ರೋಟೋಕಾಲಿಗೆ ಭಾರತವೂ ಸೇರಿದೆ. ಆದರೆ ಡಿಯು ಸರಳಿನಲ್ಲಿ ಸಿಡಿಮದ್ದೇ ಇಲ್ಲವಲ್ಲ! ಸಿಡಿಯದೆ ಉಳಿದ ಒಂದು ಶೆಲ್ಲಿಗೆ ಹೊಣೆ ಇದೆ, ನೆಲದಲ್ಲಿ ಹೂತ ಐದು ಕೆ.ಜಿ. ಯುರೇನಿಯಂಗೆ ಇಲ್ಲ.

ವಿಷದ ಆಯುಧ ಬಳಸಬಾರದು ಅಂತ ಹಳೇ ಕಾನೂನೇ ಇದೆಯಲ್ಲ?

1907ರ ಹೇಗ್ ನಿಯಮಗಳ 23ನೇ ವಿಧಿ ವಿಷವನ್ನು ನಿಷೇಧಿಸುತ್ತದೆ. ಆದರೆ 1996ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅಣ್ವಸ್ತ್ರದ ಬಗ್ಗೆ ಅಭಿಪ್ರಾಯ ಕೊಡುವಾಗ, ವಿಷ ಹಾಕುವುದೇ ಮುಖ್ಯ ಅಥವಾ ಏಕೈಕ ಪರಿಣಾಮವಾದ ಆಯುಧಕ್ಕೆ ಈ ನಿಷೇಧ ಎಂಬ ಅರ್ಥ ಹಿಡಿಯಿತು. ಡಿಯು ಬಳಸುವವರು ‘ನಮ್ಮ ಉದ್ದೇಶ ಕವಚ ಸೀಳುವುದು’ ಎಂದು ಜಾರಿಕೊಳ್ಳುವುದು ಇಲ್ಲೇ.

ಇನ್ನೊಂದು ದಾರಿ ಯುದ್ಧದ ನಿಯಮ ಹೇಳುವ ಜಿನೀವಾ ಒಪ್ಪಂದಗಳ 1977ರ ಮೊದಲನೇ ಹೆಚ್ಚುವರಿ ಪ್ರೋಟೋಕಾಲ್. ಅದರ 35 ಮತ್ತು 55ನೇ ವಿಧಿಗಳು ಪರಿಸರಕ್ಕೆ ‘ವ್ಯಾಪಕ, ದೀರ್ಘಕಾಲದ ಮತ್ತು ತೀವ್ರ’ ಹಾನಿ ಮಾಡುವುದನ್ನು ತಡೆಯುತ್ತವೆ. ಮೂರೂ ಒಟ್ಟಿಗೆ ಇರಬೇಕು. ಡಿಯು ಹಾನಿ ದೀರ್ಘ, ಆದರೆ ಚುಕ್ಕಿ ಚುಕ್ಕಿಯಾಗಿ ಇರುತ್ತದೆ. ‘ವ್ಯಾಪಕ’ ಎಂದು ತೋರಿಸುವುದು ಕಷ್ಟ. 36ನೇ ವಿಧಿ ಹೊಸ ಆಯುಧವನ್ನು ಕಾನೂನಿನ ಒರೆಗೆ ಹಚ್ಚಬೇಕು ಎನ್ನುತ್ತದೆ. ಭಾರತ ಈ ಪ್ರೋಟೋಕಾಲಿಗೆ ಸೇರಿಲ್ಲ, ಅಮೆರಿಕವೂ ಸೇರಿಲ್ಲ. ಕೊಸೊವೊ ಬಾಂಬ್ ದಾಳಿಯನ್ನು ನೋಡಿದ ಯುಗೊಸ್ಲಾವಿಯಾ ಯುದ್ಧಾಪರಾಧ ನ್ಯಾಯಮಂಡಳಿಯ ಸಮಿತಿ 2000ದಲ್ಲಿ, ಡಿಯು ನಿಷೇಧಿಸುವ ನಿರ್ದಿಷ್ಟ ಒಪ್ಪಂದವಿಲ್ಲ ಎಂದು ಹೇಳಿ ತನಿಖೆ ಬೇಡವೆಂದಿತು.

ವಿಶ್ವಸಂಸ್ಥೆ ನಿರ್ಣಯ ಮಾಡಿದೆಯಂತೆ, ಅದರಿಂದ ಏನಾದ್ರೂ ಪ್ರಯೋಜನ?

ಬಲವಂತ ಮಾಡುವ ಶಕ್ತಿ ಅದಕ್ಕಿಲ್ಲ. ಮಹಾಸಭೆ 2007ರ ಡಿಸೆಂಬರಿನಲ್ಲಿ 62/30 ನಿರ್ಣಯವನ್ನು 136 ಪರ, 5 ವಿರೋಧ, 36 ತಟಸ್ಥ ಮತಗಳಿಂದ ಅಂಗೀಕರಿಸಿತು. 2008ರಿಂದ ಎರಡು ವರ್ಷಕ್ಕೊಮ್ಮೆ ಇಂಥ ನಿರ್ಣಯ ಬರುತ್ತಿದೆ. ನಮ್ಮ ಲೆಕ್ಕದಲ್ಲಿ ಬೆಲೆಬಾಳುವುದು 2010ರ 65/55. ಡಿಯು ಬಳಸಿದ ದೇಶ, ಪೀಡಿತ ದೇಶ ಕೇಳಿದರೆ, ಎಲ್ಲಿ ಎಷ್ಟು ಹಾರಿಸಿತೆಂಬ ವಿವರ ಕೊಡಲಿ ಎಂದು ಅದು ಆಹ್ವಾನಿಸುತ್ತದೆ.

ಆ ವಿವರ ತಡವಾದರೆ ಏನಾಗುತ್ತದೆ ಎಂಬುದಕ್ಕೆ ಕೊಸೊವೊ ನೋಡಿ. ಯುದ್ಧ ನಿಂತದ್ದು 1999ರ ಜೂನಿನಲ್ಲಿ. ದಾಳಿಯ ಜಾಗಗಳ ಪೂರ್ಣ ನಕ್ಷೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಕೈಸೇರುವ ಹೊತ್ತಿಗೆ ಒಂದು ವರ್ಷ ದಾಟಿತ್ತು. 2000ದ ನವೆಂಬರಿನಲ್ಲಿ ತಂಡ 112 ಜಾಗಗಳ ಪೈಕಿ 11ಕ್ಕೆ ಹೋಗಿ, ಸಾವಿರಾರು ಗುಂಡು ಬಿದ್ದ ಕಡೆ ಏಳೂವರೆ ಸರಳು ಮಾತ್ರ ಕಂಡಿತು. ಮಿಕ್ಕವುಗಳಲ್ಲಿ ಬಹಳಷ್ಟು ಮೆತ್ತನೆ ಮಣ್ಣಿನ ಆಳಕ್ಕೆ ಇಳಿದಿದ್ದವು ಎಂದೇ ಭಾವಿಸಬೇಕು. ಬೋಸ್ನಿಯಾದಲ್ಲಿ ಏಳು ವರ್ಷದ ನಂತರ ತೆಗೆದ ಸರಳುಗಳು ತುಕ್ಕು ಹಿಡಿದು ತೂಕದ ಕಾಲುಭಾಗ ಕಳೆದುಕೊಂಡಿದ್ದವು. ಒಂದು ಕಡೆ ಕುಡಿಯುವ ನೀರಿನಲ್ಲಿ ಡಿಯು ಕುರುಹು ಸಿಕ್ಕಿತು. ಪ್ರಮಾಣ ತೀರಾ ಕಡಿಮೆ, ಆದರೆ ನೀರಿಗೆ ಇಳಿಯುತ್ತದೆ ಎಂಬುದು ಖಚಿತವಾಯಿತು.

ಯಾವುದಾದ್ರೂ ದೇಶ ಧೈರ್ಯ ಮಾಡಿ ನಿಷೇಧಿಸಿದೆಯಾ?

ಬೆಲ್ಜಿಯಂ. 2007ರಲ್ಲಿ ಕಾನೂನು ಮಾಡಿ 2009ರ ಜೂನ್ 21ರಿಂದ ಜಾರಿಗೆ ತಂದಿತು. ಡಿಯು ಆಯುಧ ತಯಾರಿಸುವ ಕಂಪನಿಗೆ ಹಣ ಹೂಡುವುದನ್ನೂ ತಡೆಯಿತು. ನ್ಯಾಟೋ ಕಚೇರಿ ಇರುವ ದೇಶವೇ ಮೊದಲ ಹೆಜ್ಜೆ ಇಟ್ಟಿತು. 2011ರಲ್ಲಿ ಕೋಸ್ಟರಿಕಾ ಎರಡನೆಯದಾಯಿತು.

ಅಮೆರಿಕ, ಇಟಲಿ ತಮ್ಮ ಸೈನಿಕರಿಗಾದ್ರೂ ಏನು ಮಾಡಿವೆ?

ಅಮೆರಿಕದಲ್ಲಿ ಸಂಸದ ಜಿಮ್ ಮ್ಯಾಕ್‌ಡರ್ಮಟ್, ಸ್ವತಃ ವೈದ್ಯರು, ಡಿಯು ಪರಿಣಾಮದ ಅಧ್ಯಯನಕ್ಕೆ ಮತ್ತೆ ಮತ್ತೆ ಮಸೂದೆ ತಂದರು. ಕೊನೆಗೆ ಆರೋಗ್ಯ ಅಧ್ಯಯನದ ಭಾಗ 2007ರ ಸಾಲಿನ ರಕ್ಷಣಾ ಕಾಯ್ದೆಗೆ ಸೇರಿತು. ಅದರಲ್ಲಿ ನಿಷೇಧವಿಲ್ಲ. ಕನೆಕ್ಟಿಕಟ್, ಲೂಸಿಯಾನ ರಾಜ್ಯಗಳು 2005ರಲ್ಲೇ ಮರಳಿ ಬಂದ ಸೈನಿಕರ ಪರೀಕ್ಷೆಗೆ ಕಾನೂನು ಮಾಡಿದವು. ಕಣ್ಣಿಗೆ ಹೊಡೆಯುವುದು ಇದು: ಅಮೆರಿಕದೊಳಗೆ ಇಂಡಿಯಾನದ ಜೆಫರ್ಸನ್ ಪರೀಕ್ಷಾ ನೆಲದಲ್ಲಿ ಡಿಯು ಹಾರಿಸಲು ಅಣು ನಿಯಂತ್ರಣ ಆಯೋಗದ ಲೈಸೆನ್ಸ್ ಬೇಕಿತ್ತು, ಆ ನೆಲದ ಹೊಣೆ ಇವತ್ತಿಗೂ ಲೈಸೆನ್ಸಿನಡಿ ಇದೆ. ಅದೇ ಗುಂಡು ಬಸ್ರಾದಲ್ಲಿ ಬಿದ್ದರೆ ಯಾವ ಲೈಸೆನ್ಸೂ ಇಲ್ಲ.

ಇಟಲಿ ಬಾಲ್ಕನ್‌ಗೆ ಹೋಗಿ ಬಂದು ಕಾಯಿಲೆ ಬಿದ್ದವರಿಗೆ 2009ರ ಆದೇಶದಲ್ಲಿ ಪರಿಹಾರದ ದಾರಿ ತೆರೆಯಿತು. ಅಲ್ಲಿನ ಕೋರ್ಟುಗಳೂ ಹಲವು ಕುಟುಂಬಗಳ ಪರ ತೀರ್ಪು ಕೊಟ್ಟಿವೆ.

ಭಾರತದಲ್ಲಿ ಕಾನೂನು ಏನು ಹೇಳುತ್ತೆ?

ಡಿಯು ಆಯುಧಕ್ಕೆಂದೇ ಕಾನೂನಿಲ್ಲ. ವಸ್ತುವಿನ ಮೇಲೆ ಹಿಡಿತ ಇದೆ: 1962ರ ಅಣುಶಕ್ತಿ ಕಾಯ್ದೆಯ ಕಾಲದಿಂದಲೂ ಯುರೇನಿಯಂ ನಿಯಂತ್ರಿತ ವಸ್ತು, ಅನುಮತಿಯಿಲ್ಲದೆ ಇಟ್ಟುಕೊಳ್ಳುವ, ಮಾರುವ ಹಾಗಿಲ್ಲ. ನಮ್ಮಲ್ಲಿ ಡಿಯು ಕೈಗಾರಿಕಾ ರೇಡಿಯಾಗ್ರಫಿ ಕ್ಯಾಮೆರಾಗಳಲ್ಲಿ ವಿಕಿರಣ ತಡೆಯುವ ಕವಚವಾಗಿ ಕಾನೂನುಬದ್ಧವಾಗಿಯೇ ಇದೆ. ಗುಜರಿ ಅಂಗಡಿಯವರು ಗಮನಿಸಬೇಕಾದದ್ದು ಇದು: ಮೂರೆಲೆಯ ವಿಕಿರಣ ಗುರುತಿರುವ ಭಾರೀ ಪೆಟ್ಟಿಗೆ ಬಂದರೆ ಕೊಳ್ಳಬೇಡಿ, ಕತ್ತರಿಸಬೇಡಿ.

ಅಪ್ಪ ಯುಎನ್ ಮಿಷನ್ನಿಗೆ ಹೋಗಿದ್ದರು, ಈಗ ಕಿಡ್ನಿ ತೊಂದರೆ. ಪಿಂಚಣಿಗೆ ಅರ್ಜಿ ಹಾಕಬಹುದಾ?

ಹಾಕಬಹುದು. ಆದರೆ ‘ಡಿಯುನಿಂದಲೇ ಬಂತು’ ಎಂದು ಒಂದೇ ಎಳೆಗೆ ಜೋತು ಬೀಳಬೇಡಿ. ಅದನ್ನು ಸಾಬೀತು ಮಾಡಲಾಗದೆ ಅರ್ಜಿ ಬಿದ್ದುಹೋಗುತ್ತದೆ. ಕಾಯಿಲೆ ಸೇವೆಯಿಂದ ಬಂತು ಅಥವಾ ಸೇವೆಯಿಂದ ಉಲ್ಬಣಿಸಿತು ಎಂಬುದು ಮೂಲ ವಾದವಾಗಿರಲಿ. ಡಿಯು ಧೂಳಿನ ಸಾಧ್ಯತೆ ಅದರೊಳಗಿನ ಒಂದು ಅಂಶವಾಗಿರಲಿ.

ಕಾಗದ ಹೀಗೆ ಕೂಡಿಸಿ. ಭರ್ತಿಯಾದಾಗಿನ ವೈದ್ಯಕೀಯ ದಾಖಲೆ, ರಿಲೀಸ್ ಮೆಡಿಕಲ್ ಬೋರ್ಡಿನ ಪ್ರತಿ, ಮಿಷನ್ನಿಗೆ ಹೋದ-ಬಂದ ದಿನಾಂಕವಿರುವ ಪಾರ್ಟ್ 2 ಆರ್ಡರ್, ವಿಶ್ವಸಂಸ್ಥೆಯ ಪದಕದ ಪ್ರಮಾಣಪತ್ರ. ಕೈಯಲ್ಲಿ ಇಲ್ಲದ್ದನ್ನು ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನಡಿ ಬರೆದು ತರಿಸಿ. ಸುಟ್ಟ ವಾಹನಗಳ ಬಳಿ ಯಾವ ಕೆಲಸ, ಎಷ್ಟು ಕಾಲ, ಯಾವ ಊರಿನ ಹತ್ತಿರ ಎಂದು ಅಪ್ಪನಿಂದ ಈಗಲೇ ಬರೆಸಿ, ಜೊತೆಗಿದ್ದ ಇಬ್ಬರ ಅಫಿಡವಿಟ್ ಸೇರಿಸಿ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ಕಿನ ಚೀಟಿಯಲ್ಲಿ ಸೇವೆಯ ಈ ವಿವರ ನಮೂದಾಗಲಿ ಎಂದು ವೈದ್ಯರನ್ನು ಕೇಳಿ. ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅರ್ಜಿ ತುಂಬಲು ಸಹಾಯ ಕೇಳಬಹುದು.

ಭರ್ತಿಯಾಗುವಾಗ ಕಾಯಿಲೆ ಬರೆದಿರದಿದ್ದರೆ ಸೇವೆಯಲ್ಲೇ ಬಂದದ್ದೆಂದು ಊಹಿಸಬೇಕು, ಅಲ್ಲವೆಂದು ತೋರಿಸುವ ಹೊರೆ ಸರ್ಕಾರದ್ದು ಎಂದು ಸುಪ್ರೀಂ ಕೋರ್ಟ್ 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. 2023ರಲ್ಲಿ ಅರ್ಹತಾ ನಿಯಮಗಳು ಬದಲಾಗಿರುವುದರಿಂದ ನಿಮಗೆ ಯಾವುದು ಅನ್ವಯ ಎಂದು ನಿವೃತ್ತಿ ದಿನಾಂಕ ತೋರಿಸಿ ವಕೀಲರಲ್ಲಿ ಕೇಳಿ. ಮೇಲ್ಮನವಿ ತಿರಸ್ಕಾರವಾದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಲು ಸಾಮಾನ್ಯವಾಗಿ ಆರು ತಿಂಗಳ ಗಡುವು. ವಿಶ್ವಸಂಸ್ಥೆಯ ಅಂಗವೈಕಲ್ಯ ಪರಿಹಾರ ಸರ್ಕಾರದ ಮೂಲಕವೇ ಆಗಬೇಕು, ಸೈನಿಕರು ನೇರವಾಗಿ ಬರೆದರೆ ನಡೆಯುವುದಿಲ್ಲ.

ನಮ್ಮ ಸಂಸದರಿಗೆ ಮನವಿ ಕೊಡೋದಾದ್ರೆ ಕಾನೂನಲ್ಲಿ ಏನಿರಬೇಕು ಅಂತ ಕೇಳಬೇಕು?

ನಿಷೇಧ ಕೇಳಿ, ಬೆಲ್ಜಿಯಂ ಮಾದರಿ ಇದೆ. ಆದರೆ ಅದಕ್ಕೆ ಕಾಯದೆ ಇವತ್ತೇ ಮಾಡಬಹುದಾದದ್ದನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಡಿಯು ಬಿದ್ದ ನಾಡಿಗೆ ನಮ್ಮ ತುಕಡಿ ಕಳಿಸುವ ಮುಂಚೆ ಆ ಜಾಗಗಳ ನಕ್ಷೆಯನ್ನು ವಿಶ್ವಸಂಸ್ಥೆಯಿಂದ ಪಡೆಯುವುದು ಕಡ್ಡಾಯವಾಗಲಿ. ಹೊರಡುವ ಮುಂಚೆ ಒಂದು, ಮರಳಿದ ತಿಂಗಳೊಳಗೆ ಒಂದು ಮೂತ್ರ ಪರೀಕ್ಷೆ, ಐಸೋಟೋಪ್ ಅನುಪಾತದ ಸಮೇತ. ಮೊದಲನೆಯದು ಇಲ್ಲದಿದ್ದರೆ ಎರಡನೆಯದನ್ನು ಯಾವುದಕ್ಕೆ ಹೋಲಿಸುವುದು? ಸುಟ್ಟ ವಾಹನದ ಬಳಿ ಕೆಲಸಕ್ಕೆ ಉಸಿರು ಕವಚ, ಕೆಲಸದ ದಿನಾಂಕ ಮತ್ತು ಜಾಗದ ನಮೂದು.

ದಾಖಲೆ ಎಷ್ಟು ಕಾಲ ಇಡಬೇಕೆಂಬುದನ್ನೂ ಬರೆಯಿರಿ. ಬೋಸ್ನಿಯಾದ ಲೆಕ್ಕದಲ್ಲಿ ಮಣ್ಣಿನಲ್ಲಿ ಹೂತ ಸರಳು ಪೂರ್ತಿ ಕರಗಲು 25ರಿಂದ 35 ವರ್ಷ ಹಿಡಿಯುತ್ತದೆ. ದಾಖಲೆ ಕನಿಷ್ಠ 40 ವರ್ಷ ಉಳಿಯಲಿ, ಒಂದು ಪ್ರತಿ ಡಿಸ್ಚಾರ್ಜ್ ಪುಸ್ತಕದ ಜೊತೆಗೇ ಸೈನಿಕನ ಕೈಗೆ ಸಿಗಲಿ.